ಮಗುವಿನ ತೂಕ ಎಷ್ಟು?

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಆಸ್ಪತ್ರೆಗಳಲ್ಲಿ ನರ್ಸ್ ಹೆಣ್ಣಾದರೆ ಸಿಸ್ಟರ್, ಗಂಡಾದರೆ ಬ್ರದರ್. ಹೆಸರು ಹಿಡಿದು ಕರೆಯುವವರು ಕಡಿಮೆ. ಇಲ್ಲಿ ಮಾತಾಡುವ ಇಬ್ಬರನ್ನೂ ನಾನು ಹಾಗೇ ಬಿಟ್ಟಿದ್ದೇನೆ. ಸಿಸ್ಟರ್ ಈ ಸೀಮೆಯ ಆರೋಗ್ಯ ಕೇಂದ್ರಗಳಲ್ಲೇ ನೌಕರಿ ಮುಗಿಸಿ ನಿವೃತ್ತರಾದವರು. ಬ್ರದರ್ ಮಕ್ಕಳ ವಾರ್ಡಿನಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುವ ಹುಡುಗ. ಚಿಕ್ಕ ಮಕ್ಕಳಿಗೆ ಔಷಧ ಕೊಡುವಾಗ ತಪ್ಪಾಗದಂತೆ ಕಾಯುವುದು ಯಾವುದು, ಕೊಡುವವರ ಅನುಭವವೋ ಆಸ್ಪತ್ರೆಯ ಕಟ್ಟುಪಾಡೋ ಎಂಬ ವಿಷಯಕ್ಕೆ ಇಬ್ಬರಿಗೂ ಮಾತು ಹತ್ತಿತು. ಎರಡೂ ಬೇಕು ಎಂದು ದೂರದಿಂದ ಹೇಳುವುದು ಸುಲಭ. ರಾತ್ರಿ ಡ್ಯೂಟಿಯಲ್ಲಿ ಒಬ್ಬರೇ ಇರುವಾಗ ಯಾವುದನ್ನು ನೆಚ್ಚಿಕೊಳ್ಳಬೇಕು ಅನ್ನುವುದು ಅವರಿಬ್ಬರ ಜಗಳ.

ಬ್ರದರ್: ಅಕ್ಕಾ, ನೀವು ಕಲಿತದ್ದೂ ನಾನು ಕಲಿತದ್ದೂ ಒಂದೇ ಪಾಠ ರೀ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಡೋಸ್, ಸರಿಯಾದ ದಾರಿ, ಸರಿಯಾದ ಹೊತ್ತು. ಐದೂ ನನಗೆ ಬಾಯಿಪಾಠ. ವಾರ್ಡಿಗೆ ಬಂದ ಮೇಲೆ ನೋಡಿದ್ರೆ, ಐದನ್ನೂ ನರ್ಸ್ ತಲೆ ಮೇಲೆ ಹೊರಿಸಿ ಉಳಿದವರೆಲ್ಲ ಕೈ ತೊಳ್ಕೊಂಡಿದ್ದಾರೆ.

ಸಿಸ್ಟರ್: ಹೊರಿಸಲಿ ಬಿಡು ತಮ್ಮಾ. ಕೂಸಿನ ಬಾಯಿಗೆ ಹಾಕೋಳು ನಾನು ಅಂದ ಮೇಲೆ ಹೊಣೆಯೂ ನಂದೇ. ಬೀರುವಿನಿಂದ ತೆಗೆಯುವಾಗ ಒಂದು ಸಲ ಓದ್ತಿದ್ದೆ, ಸಿರಿಂಜಿಗೆ ಎಳೆಯುವಾಗ ಒಂದು ಸಲ, ಖಾಲಿ ಆಂಪೂಲ್ ಬಿಸಾಡೋ ಮುಂಚೆ ಇನ್ನೊಂದು ಸಲ. ಯಾರೂ ನಿಂತು ಹೇಳಿದ್ದಲ್ಲ. ಹೇಳೋರು ಇರಲೂ ಇಲ್ಲ. ಹೆರಿಗೆ ವಾರ್ಡೂ ನಂದೇ, ಮಕ್ಕಳೂ ನಂದೇ.

ಬ್ರದರ್: ಹೆರಿಗೆ ಮತ್ತು ಮಕ್ಕಳು ಒಂದೇ ಕಡೆ ಅಂದ್ರಲ್ಲ, ಅಲ್ಲೇ ಭಯ. ತಾಯಿಗೆ ರಕ್ತಸ್ರಾವ ನಿಲ್ಲಲಿ ಅಂತ ಕೊಡೋ ಮೆಥರ್ಜಿನ್, ಕೂಸಿಗೆ ಹುಟ್ಟಿದ ಕೂಡಲೇ ಕೊಡೋ ವಿಟಮಿನ್ ಕೆ, ಎರಡೂ ಪುಟಾಣಿ ಆಂಪೂಲ್. ಒಂದೇ ಟ್ರೇನಲ್ಲಿ ಇಟ್ಟು, ಅದು ಇದಕ್ಕೆ ಇದು ಅದಕ್ಕೆ ಆಗಿ, ಮೆಥರ್ಜಿನ್ ಕೂಸಿಗೆ ಹೋದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಕೂಸಿಗೆ ಫಿಟ್ಸ್ ಬರ್ತದೆ, ಉಸಿರು ನಿಲ್ತದೆ. ಮೂರು ಸಲ ಓದೋರೇ ಅಲ್ಲಿ ಇದ್ದಿರಬಹುದು. ಆದರೆ ಟ್ರೇ ಎರಡು ಮಾಡಿ, ಕೂಸಿಂದು ವಾರ್ಮರ್ ಹತ್ತಿರ, ತಾಯಿದು ಮಂಚದ ಹತ್ತಿರ ಅಂತ ಇಟ್ಟಿದ್ರೆ ಓದೋದು ಮರೆತರೂ ತಪ್ಪು ಆಗ್ತಿರಲಿಲ್ಲ.

ಸಿಸ್ಟರ್: ಎರಡು ಟ್ರೇ ಇಡೋದು ಒಳ್ಳೇದೇ. ನಾವೂ ಇಟ್ಟೆವು. ಆದರೆ ಗಡಿಬಿಡಿ ಹೆರಿಗೆಯಲ್ಲಿ ಯಾರೋ ಬಂದು ಅದರಲ್ಲಿದ್ದದ್ದು ಇದಕ್ಕೆ ಹಾಕಿ ಹೋಗ್ತಾರೆ. ಟ್ರೇ ನಂಬಿದೋಳು ಓದೋದು ಬಿಡ್ತಾಳೆ. ನನ್ನ ಅಂಜಿಕೆ ಅದು.

ಬ್ರದರ್: ಇರಲಿ. ಡೋಸ್ ಹೆಂಗೆ ಲೆಕ್ಕ ಹಾಕ್ತಿದ್ರಿ?

ಸಿಸ್ಟರ್: ಎತ್ತಿಕೊಂಡ್ರೆ ಗೊತ್ತಾಗ್ತಿತ್ತು. ಎಷ್ಟು ಕೇಜಿ ಅಂತ ಕೈಗೇ ತಿಳೀತದೆ.

ಬ್ರದರ್: ನನ್ನ ತಕರಾರು ಇರೋದು ಇಲ್ಲೇ ನೋಡ್ರಿ. ದೊಡ್ಡವರಿಗೆ ಒಂದು ಮಾತ್ರೆ ಅಂದ್ರೆ ಒಂದು ಮಾತ್ರೆ, ಐವತ್ತು ಕೇಜಿ ಇರಲಿ ಎಪ್ಪತ್ತು ಇರಲಿ. ಮಕ್ಕಳಿಗೆ ಹಂಗಲ್ಲ. ಎರಡು ಕೇಜಿ ಕೂಸೂ ಅದೇ ವಾರ್ಡಲ್ಲಿ, ಇಪ್ಪತ್ತು ಕೇಜಿ ಹುಡುಗನೂ ಅದೇ ವಾರ್ಡಲ್ಲಿ. ಒಂದೂವರೆ ವರ್ಷದ ಗಂಡುಮಗು ಪುಸ್ತಕದ ಪ್ರಕಾರ ಹೆಚ್ಚುಕಡಿಮೆ 11 ಕೇಜಿ ಇರಬೇಕು. ಸಂಡೂರಿನ ಗಣಿ ಕಡೆ ಕೂಲಿಗೆ ಬಂದವರ ಮಗುವನ್ನ ತಕ್ಕಡಿಗೆ ಹಾಕಿದ್ರೆ 8 ಕೇಜಿ ಬರ್ತದೆ. ಪ್ಯಾರಾಸಿಟಮಾಲ್ ಒಂದು ಕೇಜಿಗೆ ಒಂದು ಸಲಕ್ಕೆ 15 ಮಿಲಿಗ್ರಾಂ. 11 ಕೇಜಿಗೆ 165 ಆಗ್ತದೆ, 8 ಕೇಜಿಗೆ 120. ವಯಸ್ಸು ಕೇಳಿ ಕೊಡೋರ ಕೈಯಲ್ಲಿ ಸೊರಗಿದ ಮಗುವಿಗೇ ಜಾಸ್ತಿ ಬೀಳ್ತದೆ. ತಡಕೊಳ್ಳೋ ಶಕ್ತಿ ಇಲ್ಲದ ಮಗುವಿಗೇ.

ಸಿಸ್ಟರ್: ಆ ಮಾತು ಒಪ್ಪಿದೆ. ತೂಕ ಹಾಕಲೇಬೇಕು. ನಮ್ಮಲ್ಲಿ ತಕ್ಕಡಿ ಕೆಟ್ಟು ಕೂತ ದಿನಗಳಲ್ಲಿ ಕೈ ಅಂದಾಜೇ ಗತಿ ಆಗಿತ್ತು, ಅದನ್ನ ನಾನು ಒಳ್ಳೇದು ಅಂತ ಹೇಳಲ್ಲ. ಆದರೆ ತಾಯಿ ಕಾರ್ಡ್ ನೋಡಿ ತೂಕ ಬರ್ಕೊಳ್ಳೋ ಹೊಸ ಹುಡುಗ ಹುಡುಗಿಯರನ್ನ ಕಂಡಿದ್ದೀನಿ. ಕಾರ್ಡಲ್ಲಿ ಇರೋದು ಲಸಿಕೆ ಹಾಕಿದ ದಿನದ ತೂಕ. ಈಗ ವಾಂತಿಭೇದಿ ಆಗಿ, ಕಣ್ಣು ಗುಳಿಬಿದ್ದು ಬಂದೈತೆ. ಅವತ್ತಿನ ತೂಕ ಈಗ ಎಲ್ಲಿರ್ತದೆ? ಕಾಗದದ ಮೇಲೆ ಎಲ್ಲಾ ಸರಿ, ಮಂಚದ ಮೇಲೆ ತಪ್ಪು.

ಬ್ರದರ್: ಹಂಗಾದ್ರೆ ಇವತ್ತಿನ ತೂಕ ಕೇಸ್ ಶೀಟ್ ತುದಿಯಲ್ಲಿ ದಪ್ಪಕ್ಷರದಲ್ಲಿ ಬರೆಯೋವರೆಗೆ ಯಾವ ಔಷಧವೂ ಎಳೆಯಬಾರದು ಅಂತ ನಿಯಮ ಮಾಡೋಣ.

ಸಿಸ್ಟರ್: ಮಾಡು. ಆ ನಿಯಮಕ್ಕೆ ನನ್ನ ವಿರೋಧ ಇಲ್ಲ. ಆದರೆ ಒಂದು ಸಂಗತಿ ಕೇಳು. ಸಂಡೂರು ಕಡೆ ತಾಂಡಾದಿಂದ ಒಬ್ಬ ತಾಯಿ ಬಂದಳು. ಕೈಯಲ್ಲಿ ಖಾಲಿ ಬಾಟಲಿ. ಜ್ವರದ ಔಷಧ ಮುಗೀತು, ಇನ್ನೊಂದು ಕೊಡ್ರಿ ಅಂದಳು. ನೋಡಿದ್ರೆ ಪ್ಯಾರಾಸಿಟಮಾಲ್ ಡ್ರಾಪ್ಸ್, 15 ಎಂಎಲ್ ಬಾಟಲಿ. ಯಾವಾಗ ತಗೊಂಡಿದ್ದು ಅಂದೆ. ನಿನ್ನೆ ಅಂದಳು. ಒಂದೇ ದಿನಕ್ಕೆ ಡ್ರಾಪ್ಸ್ ಬಾಟಲಿ ಹೆಂಗೆ ಖಾಲಿ ಆಗ್ತದೆ? ಯಾವುದರಲ್ಲಿ ಹಾಕಿದೆ ತೋರ್ಸು ಅಂದೆ. ಸೆರಗಿನ ಗಂಟಿನಿಂದ ಒಂದು ಮುಚ್ಚಳ ತೆಗೆದಳು. ಹಳೇ ಸಿರಪ್ ಬಾಟಲಿದು, 5 ಎಂಎಲ್ ಗೆರೆ ಇರೋದು. ಮುಂಚೆ ಸಿರಪ್ ಕೊಟ್ಟಾಗ ಒಂದು ಮುಚ್ಚಳ ಹಾಕು ಅಂತ ಯಾರೋ ಹೇಳಿದ್ರು. ಅದನ್ನೇ ನೆನಪಿಟ್ಟು ಡ್ರಾಪ್ಸನ್ನೂ ಮುಚ್ಚಳದಲ್ಲೇ ಹಾಕಿದ್ದಾಳೆ, ಮೂರು ಸಲ.

ಬ್ರದರ್: ಡ್ರಾಪ್ಸಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್ಪಲ್ಲಿ 5 ಎಂಎಲ್‌ಗೆ 125, ಅಂದ್ರೆ ಎಂಎಲ್‌ಗೆ 25. ನಾಲ್ಕು ಪಟ್ಟು!

ಸಿಸ್ಟರ್: 15 ಎಂಎಲ್ ಅಂದ್ರೆ 1500 ಮಿಲಿಗ್ರಾಂ. ಮಗು 8 ಕೇಜಿ. ಲಿವರ್‌ಗೆ ಏಟು ಬೀಳೋ ಮಟ್ಟ ಅದು. ಡಾಕ್ಟರಿಗೆ ಹೇಳಿ ಅವತ್ತೇ ಬಳ್ಳಾರಿಗೆ ಕಳಿಸಿದೆವು. ಮಗು ಉಳೀತು. ಬಾಟಲಿ ಯಾಕಿಷ್ಟು ಬೇಗ ಮುಗೀತು ಅಂತ ನನಗೆ ಅನಿಸಿದ್ದಕ್ಕೆ ಉಳೀತು. ನಿನ್ನ ಚಾರ್ಟ್ ಆ ಪ್ರಶ್ನೆ ಕೇಳ್ತಿತ್ತಾ? ಆಕೆಗೆ ಕನ್ನಡ ಅಷ್ಟಕ್ಕಷ್ಟೇ. ನನಗೆ ನಾಲ್ಕು ಮಾತು ಲಂಬಾಣಿ ಬರ್ತಿದ್ದಕ್ಕೆ ಮುಚ್ಚಳ ಹೊರಗೆ ಬಂತು.

ಬ್ರದರ್: ನೀವು ಅವತ್ತು ರಜೆ ಇದ್ದಿದ್ರೆ?

ಸಿಸ್ಟರ್: ...

ಬ್ರದರ್: ಬೇಜಾರಾಗಬೇಡಿ ಅಕ್ಕಾ. ನಿಮ್ಮ ಜಾಗದಲ್ಲಿ ಆರು ತಿಂಗಳ ಹಿಂದೆ ಸೇರಿದ ಹುಡುಗಿ ಇದ್ದಿದ್ರೆ, ಇನ್ನೊಂದು ಬಾಟಲಿ ಕೈಗಿಟ್ಟು ಕಳಿಸ್ತಿದ್ದಳು. ಆ ಮಗು ಉಳಿಯೋದು ನಿಮ್ಮ ಡ್ಯೂಟಿ ಯಾವತ್ತು ಅನ್ನೋದರ ಮೇಲೆ ನಿಂತಿತ್ತು. ಹಂಗಾಗಬಾರದು. ಬಾಯಿಗೆ ಕೊಡೋ ಔಷಧಕ್ಕೆ ಸೂಜಿ ಇಲ್ಲದ ಸಿರಿಂಜ್ ತಾಯಿ ಕೈಗೆ ಕೊಟ್ಟು, ಇಲ್ಲಿವರೆಗೆ ಎಳಿ ಅಂತ ಪ್ಲಾಸ್ಟರ್ ತುಂಡು ಅಂಟಿಸಿ, ನಮ್ಮ ಎದುರಿಗೇ ಒಂದು ಸಲ ಹಾಕಿಸಿ ಕಳಿಸೋದು ಎಲ್ಲಾ ಕಡೆ ಪದ್ಧತಿ ಆಗಬೇಕು. ಭಾಷೆ ಬರದಿದ್ರೂ ಗೆರೆ ಕಾಣ್ತದೆ.

ಸಿಸ್ಟರ್: ಅದು ಒಳ್ಳೇ ಉಪಾಯ. ಆದ್ರೆ ಬಾಯಿದು ಅಂತ ಸಿರಿಂಜ್ ಮೇಲೆ ಬರೀಬೇಕು. ವಾರ್ಡಲ್ಲಿ ಬಾಯಿಗೆ ಎಳೆದಿಟ್ಟ ಸಿರಪ್ಪು ಗಡಿಬಿಡೀಲಿ ಕ್ಯಾನುಲಾ ಒಳಗೆ ಹೋದ್ರೆ ಮುಗೀತು ಕಥೆ.

ಬ್ರದರ್: ನೋಡಿದ್ರಾ, ಈಗ ನೀವೂ ಕಟ್ಟುಪಾಡೇ ಹೇಳ್ತಾ ಇದ್ದೀರಿ.

ಸಿಸ್ಟರ್: ಕಟ್ಟುಪಾಡು ಬೇಡ ಅಂದೋರು ಯಾರು? ಅದು ನನ್ನ ಕಣ್ಣಿನ ಬದಲಿಗೆ ಬರಬಾರದು ಅಂದೆ. ಜೆಂಟಾಮೈಸಿನ್ ತಗೋ. ದೊಡ್ಡಾಸ್ಪತ್ರೆಗೆ ಹೋಗೋಕಾಗದ ಎಳೆಗೂಸಿಗೆ ನಂಜಿನ ಲಕ್ಷಣ ಕಂಡ್ರೆ ಸಹಾಯಕ ನರ್ಸ್ ಆದ ಎಎನ್‌ಎಂ ಕೂಡ ಕೊಡಬಹುದು ಅಂತ 2014ರಲ್ಲೇ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂತು. ಕೇಜಿಗೆ 5 ಮಿಲಿಗ್ರಾಂ. 3 ಕೇಜಿ ಕೂಸಿಗೆ 15. ವಯಲಿನಲ್ಲಿ 2 ಎಂಎಲ್‌ಗೆ 80. ಎಳೆಯಬೇಕಾದ್ದು 0.4 ಎಂಎಲ್ ಹತ್ತಿರ. ಡಾಕ್ಟರು ಸೊನ್ನೆ ಬರೆಯದೆ ಬರೀ ಚುಕ್ಕೆ ಇಟ್ಟು 4 ಬರೆದ್ರು ಅನ್ನು, ಚುಕ್ಕೆ ಅಳಿಸೈತೆ. 4 ಎಂಎಲ್ ಅಂದ್ರೆ ಹತ್ತು ಪಟ್ಟು, ಕಿವಿ ಹೋಗ್ತದೆ, ಕಿಡ್ನಿ ಹೋಗ್ತದೆ. ನಮ್ಮ ಮೇಡಂ ಕಲಿಸಿದ್ದು ಏನು ಗೊತ್ತಾ? ಎಳೆಗೂಸಿಗೆ ಅಂತ ಎರಡನೇ ವಯಲ್ ಒಡೆಯೋ ಪ್ರಸಂಗ ಬಂತು ಅಂದ್ರೆ ಅಲ್ಲೇ ನಿಲ್ಲು, ಕೈ ಕೆಳಗಿಡು, ಡಾಕ್ಟರಿಗೆ ಫೋನ್ ಮಾಡು. ಆ ಅಂಜಿಕೆ ಕೈಗೆ ಬರಬೇಕು ತಮ್ಮಾ. ಗೋಡೆ ಮೇಲೆ ಅಂಟಿಸಿದ್ರೆ ಬರಲ್ಲ.

ಬ್ರದರ್: ಆ ಮಾತು ನಾನು ಬರ್ಕೊಳ್ತೀನಿ. ಆದರೆ ರಾತ್ರಿ ಎರಡು ಗಂಟೆಗೆ, ಸತತ ನೈಟ್ ಡ್ಯೂಟಿ ಮಾಡಿದ ಮೇಲೆ ಅಂಜಿಕೆಯೂ ನಿದ್ದೆ ಹೋಗ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ 2010ರಲ್ಲಿ ನಡೆದದ್ದು ನಮಗೆ ಪಾಠದಲ್ಲಿ ಹೇಳಿದ್ರು. ಮಕ್ಕಳ ಐಸಿಯುನಲ್ಲಿ ಎರಡು ದಶಕಕ್ಕೂ ಹೆಚ್ಚು ಅನುಭವ ಇದ್ದ ನರ್ಸ್. 140 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕೊಡಬೇಕಿತ್ತು, 1.4 ಗ್ರಾಂ ಕೊಟ್ಟರು. ಲೆಕ್ಕದಲ್ಲಿ ಹತ್ತು ಪಟ್ಟು ತಪ್ಪು. ಎಂಟು ತಿಂಗಳ ಮಗು ಕೆಲವು ದಿನಕ್ಕೆ ತೀರಿಕೊಂಡಿತು. ಅಷ್ಟು ವರ್ಷದ ಅನುಭವ ಎಲ್ಲಿ ಹೋಯ್ತು ಹೇಳ್ರಿ? ಅದಕ್ಕೇ ಅಪಾಯದ ಔಷಧಕ್ಕೆ ಎರಡನೆಯವರು ಲೆಕ್ಕ ಹಾಕಬೇಕು ಅನ್ನೋದು. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ವಾರ್ಡಿನ ಬೀರುವಿನಲ್ಲಿ ಬೇರೆ ಔಷಧದ ಜೊತೆ ಇರಲೇಬಾರದು ಅನ್ನೋದು.

ಸಿಸ್ಟರ್: ಎರಡನೆಯವರು ಅಂದ್ರೆ ಯಾರು? ನೀನು ಬರೆದದ್ದಕ್ಕೆ ಪಕ್ಕದ ವಾರ್ಡಿನವಳು ನೋಡದೆ ಸಹಿ ಹಾಕಿ ಹೋಗ್ತಾಳೆ. ಡ್ಯೂಟಿ ಮುಗಿಯೋ ಹೊತ್ತಿಗೆ ಕೂತು ಇಡೀ ದಿನದ ಸಹಿ ಒಟ್ಟಿಗೆ ಹಾಕೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಆ ಸಹಿಯಿಂದ ಯಾವ ಮಗುವೂ ಬದುಕಿಲ್ಲ.

ಬ್ರದರ್: ಸಹಿ ಅಲ್ರೀ, ಲೆಕ್ಕ. ನನ್ನ ಉತ್ತರ ತೋರಿಸದೆ ಆಕೆಗೆ ತೂಕ, ಡೋಸ್, ವಯಲ್ ಮಾತ್ರ ಕೊಡಬೇಕು. ಆಕೆ ತಾನೇ ಲೆಕ್ಕ ಹಾಕಿ, ಇಷ್ಟು ಎಂಎಲ್ ಅನ್ನಬೇಕು. ಎರಡೂ ಕೂಡಿ ಬಂದ್ರೆ ಕೊಡೋದು. ನನ್ನ ಉತ್ತರ ಮೊದಲೇ ಕಂಡರೆ ಯಾರಿಗಾದ್ರೂ ಅದೇ ಸರಿ ಅನಿಸ್ತದೆ.

ಸಿಸ್ಟರ್: ಒಬ್ಬಳೇ ಇದ್ದ ರಾತ್ರಿ?

ಬ್ರದರ್: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆಳು ಕೊಡಬೇಕಾದವರು ಕೊಡಬೇಕು.

ಈ ಜಾಗದಲ್ಲಿ ಇಬ್ಬರೂ ಕೊಂಚ ಹೊತ್ತು ಸುಮ್ಮನಾದರು. ನರ್ಸ್ ಹುದ್ದೆ ಖಾಲಿ ಇಟ್ಟು ಸುರಕ್ಷತೆಯ ಫಲಕ ಹಾಕುವುದರಿಂದ ಏನೂ ಆಗದು ಎಂಬಲ್ಲಿ ನನಗೂ ಅನುಮಾನವಿಲ್ಲ. ಆಮೇಲೆ ಮಾತು ಬಳ್ಳಾರಿಯತ್ತ ಹೊರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೂ ಕಾಯಿಲೆ ಜೋರಾದರೆ ಎರಡೂ ಜಿಲ್ಲೆಯ ಜನ ನೋಡುವುದು ಬಳ್ಳಾರಿ ದಾರಿಯನ್ನೇ.

ಸಿಸ್ಟರ್: 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರಲ್ಲ. ಐದು ಜನ. ಸರ್ಕಾರದ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ಬಾಟಲಿ ಮೇಲೆ. ಅದನ್ನ ತಯಾರಿಸಿದ ಕಂಪನಿಯ ಡ್ರಿಪ್ ಬಳಸಬೇಡಿ ಅಂತ ರಾಜ್ಯಕ್ಕೆಲ್ಲ ಹೇಳಿದ್ರು, ಔಷಧ ನಿಯಂತ್ರಕರನ್ನ ಅಮಾನತು ಮಾಡಿದ್ರು. ಅವತ್ತು ಆ ಬಾಟಲಿ ತೂಗುಹಾಕಿದ ನರ್ಸ್ ಐದು ಸರಿಗಳಲ್ಲಿ ಯಾವುದನ್ನ ತಪ್ಪಿದ್ದಳು? ಅದಾಗಿ ವರ್ಷ ತುಂಬೋ ಮುಂಚೆ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಅನ್ನೋ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ಸತ್ತವು. ತಮಿಳುನಾಡಿನಲ್ಲಿ ತಯಾರಾದದ್ದು. ಪರೀಕ್ಷೆ ಮಾಡಿದ್ರೆ ಶೇಕಡಾ 48.6 ಡೈಎಥಿಲೀನ್ ಗ್ಲೈಕಾಲ್, ಶುದ್ಧ ವಿಷ. ಅಲ್ಲಿ ತಾಯಂದಿರು ಸರಿಯಾದ ಚಮಚದಲ್ಲೇ ಹಾಕಿರಬಹುದು.

ಬ್ರದರ್: ಅಲ್ಲಿ ಕೈಯೂ ಸೋಲ್ತು, ಚಾರ್ಟೂ ಸೋಲ್ತು. ಒಪ್ಪಿದೆ. ಆದ್ರೆ ಒಂದು ಕೆಲಸ ನಮ್ಮ ಕೈಲಿತ್ತು. ಡ್ರಿಪ್ ಹಾಕೋ ಮುಂಚೆ ಬೆಳಕಿಗೆ ಹಿಡಿದು ನೋಡೋದು, ಬ್ಯಾಚ್ ನಂಬರ್ ಕೇಸ್ ಶೀಟಿನಲ್ಲಿ ಬರೆಯೋದು. ಇಬ್ಬರಿಗೆ ಚಳಿ ನಡುಕ ಬಂದ ಕೂಡಲೇ ಇಬ್ಬರದೂ ಒಂದೇ ಬ್ಯಾಚ್ ಅಂತ ಕಂಡರೆ ಮೂರನೆಯವರಿಗೆ ಹಾಕೋದು ನಿಲ್ಲಿಸಬಹುದು. ಕಣ್ಣಿಗೆ ಕಾಣದ ವಿಷವನ್ನ ಹಿಡಿಯೋ ದಾರಿ ಅದೊಂದೇ.

ಸಿಸ್ಟರ್: ಬ್ಯಾಚ್ ಬರೆಯೋ ಅಭ್ಯಾಸ ನಮಗಿರಲಿಲ್ಲ. ಇರಬೇಕಿತ್ತು. ಕೆಮ್ಮಿನ ಸಿರಪ್ ವಿಷಯಕ್ಕೆ ಮಾತ್ರ ನಾನು ಮೊದಲಿನಿಂದ ಕಟುವೇ. ಗಣಿ ಧೂಳಿಗೆ ಕೆಮ್ಮು ಹಿಡಿದು ಬಂದ ಕೂಸಿಗೆ ಸಿರಪ್ ಬರ್ಕೊಡ್ರಿ ಅಂತ ಅಪ್ಪಂದಿರು ಜಗಳಕ್ಕೇ ನಿಲ್ತಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು ಅಂತ ನಮ್ಮ ರಾಜ್ಯವೂ 2025ರ ಅಕ್ಟೋಬರಿನಲ್ಲಿ ಸೂಚನೆ ಹೊರಡಿಸ್ತು. ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಅಂತ ಕೇಂದ್ರದ ಆರೋಗ್ಯ ಇಲಾಖೆ ಹೇಳೈತೆ. ಎದೆಹಾಲು, ಬಿಸಿನೀರು, ಮೂಗು ಸ್ವಚ್ಛ ಮಾಡೋದು ಅಂದ್ರೆ, ಇಷ್ಟು ದೂರ ಬಂದದ್ದು ಇದಕ್ಕಾ ಅಂತ ಕೇಳ್ತಾರೆ. ಕೊಡದೆ ಇರೋದೂ ನರ್ಸ್ ಕೆಲಸವೇ. ಅದಕ್ಕೆ ಯಾವ ಚಾರ್ಟಲ್ಲೂ ಕಾಲಂ ಇಲ್ಲ.

ಬ್ರದರ್: ಅದು ನಿಜ. ಆದರೆ ನನ್ನ ದೊಡ್ಡ ಪ್ರಶ್ನೆ ಬೇರೆ ಐತೆ. ತಪ್ಪಾದ ಮೇಲೆ ಏನು ಮಾಡಬೇಕು? ಮಗುವಿಗೆ ಏನೂ ಆಗಲಿಲ್ಲ ಅನ್ನಿ, ಡೋಸ್ ಮಾತ್ರ ತಪ್ಪಿತು. ನೀವು ಹೇಳ್ತಿದ್ರಾ?

ಸಿಸ್ಟರ್: ಹೇಳಬೇಕು. ಮೊದಲು ಡಾಕ್ಟರಿಗೆ, ಆಮೇಲೆ ತಾಯಿಗೆ. ಆಕೆಯ ಮಗು ಅದು. ರಾತ್ರಿಯೆಲ್ಲ ಎದುರು ಕೂತು ಕಾಯೋಳು ಆಕೆ. ಮಗು ಮಂಕಾಯ್ತಾ, ವಾಂತಿ ಮಾಡ್ತಾ ಅಂತ ಮೊದಲು ತಿಳಿಯೋದೂ ಆಕೆಗೇ. ಮುಚ್ಚಿಟ್ರೆ ಕಾಯೋ ಕಣ್ಣನ್ನೇ ಕಟ್ಟಿದಂಗೆ.

ಬ್ರದರ್: ನೀವು ಪರ್ಮನೆಂಟ್ ಇದ್ರಿ ಅಕ್ಕಾ. ನನ್ನ ಗುತ್ತಿಗೆಯನ್ನ ವರ್ಷವರ್ಷವೂ ನವೀಕರಿಸ್ತಾರೆ. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಓದಿದ್ದೀರಾ? ನಿರ್ಲಕ್ಷ್ಯದಿಂದ ಸಾವಾದ್ರೆ ಐದು ವರ್ಷದವರೆಗೆ ಜೈಲು. ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯರಿಂದ ಆದ್ರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರು ಅಂದ್ರೆ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರೋರು ಅಂತ ಅಲ್ಲೇ ಬರೆದೈತೆ. ನರ್ಸ್ ಅದರಲ್ಲಿ ಬರಲ್ಲ. ಬರೆದವರಿಗೆ ಎರಡು, ಕೊಟ್ಟವರಿಗೆ ಐದು. ಇಂಥ ಕಡೆ ನಿಂತು, ತಪ್ಪಾಯ್ತು ಅಂತ ನಾನು ಯಾರಿಗೆ ಹೇಳಲಿ? ಸಿಯಾಟಲ್‌ನ ಆ ನರ್ಸ್ ತಾನೇ ಆ ಕ್ಷಣ ಬಾಯಿಬಿಟ್ಟು ಹೇಳಿದಳು. ಕೆಲಸ ಹೋಯ್ತು. ಮುಂದಿನ ವರ್ಷ ತನ್ನ ಜೀವವನ್ನೂ ತಾನೇ ಕಳಕೊಂಡಳು.

ಸಿಸ್ಟರ್: ಅಂಥದ್ದು ಯಾರಿಗೂ ಬರಬಾರದಪ್ಪ.

ಬ್ರದರ್: ಅದಕ್ಕೇ ನಾನನ್ನೋದು, ಮೊದಲು ಹೆಸರಿಲ್ಲದ ರಿಜಿಸ್ಟರ್ ಬೇಕು. ಯಾವ ಔಷಧ, ಯಾವ ಹೊತ್ತು, ಏನು ತಪ್ಪಿತು ಅಷ್ಟೇ. ಯಾರು ಅಂತ ಬೇಡ. ತಿಂಗಳಿಗೊಮ್ಮೆ ಎಲ್ಲರೂ ಕೂತು ಓದೋದು. ಶಿಕ್ಷೆ ಇಲ್ಲ ಅನ್ನೋ ಭರವಸೆ ಬಂದ ಮೇಲೆ ತಾಯಿಗೆ ಹೇಳೋ ಧೈರ್ಯ ತಾನಾಗೇ ಬರ್ತದೆ.

ಸಿಸ್ಟರ್: ಯಾರೂ ಹೊಣೆ ಇಲ್ಲ ಅಂತ ಆದ್ರೆ? 2022ರ ಜನವರಿಯಲ್ಲಿ ಬೆಳಗಾವಿಯ ರಾಮದುರ್ಗ ತಾಲ್ಲೂಕಲ್ಲಿ ದಡಾರ ರುಬೆಲ್ಲಾ ಲಸಿಕೆ ಹಾಕಿಸ್ಕೊಂಡ ಮೂರು ಕೂಸು ಸತ್ತವು. ಲಸಿಕೆ ನೋಡ್ಕೊಂಡ ರೀತಿ ಸರಿಯಿಲ್ಲ ಅಂತ ಸಿಬ್ಬಂದಿಯನ್ನ ಅಮಾನತು ಮಾಡಿದ್ರು. ಆ ಲಸಿಕೆ ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು, ತಂಪಿನಲ್ಲೇ ಇರಬೇಕು. ಇದು ಗೊತ್ತಿಲ್ಲದ ಎಎನ್‌ಎಂ ಇಲ್ಲ. ಗೊತ್ತಿದ್ದೂ ಮೀರಿದ್ರೆ ಅದನ್ನೂ ಹೆಸರಿಲ್ಲದ ರಿಜಿಸ್ಟರಿನಲ್ಲಿ ಬರೀತೀಯಾ? ಆ ಮೂವರು ತಾಯಂದಿರಿಗೆ ಏನು ಹೇಳ್ತೀಯ?

ಬ್ರದರ್: ಗೊತ್ತಿದ್ದು ಮೀರಿದ್ದು ಬೇರೆ, ದಣಿದು ತಪ್ಪಿದ್ದು ಬೇರೆ.

ಸಿಸ್ಟರ್: ಎರಡರ ನಡುವಿನ ಗೆರೆ ಎಳೆಯೋರು ಯಾರು? ನೀನಾ? ಇಲಾಖೆಯಾ?

ಬ್ರದರ್: ಪೊಲೀಸರು ಎಳೆಯಬಾರದು ಅನ್ನೋದಷ್ಟೇ ನನ್ನ ಮಾತು.

ಸಿಸ್ಟರ್: ತಾಯಿಯನ್ನ ಬಿಟ್ಟು ಎಳೆಯಬಾರದು ಅನ್ನೋದು ನಂದು.

ಅವರಿಬ್ಬರೂ ಇಲ್ಲಿಂದ ಮುಂದೆ ಬರಲಿಲ್ಲ. ನಾನೂ ಇಬ್ಬರಲ್ಲಿ ಒಬ್ಬರ ಪರ ನಿಲ್ಲಲಾರೆ. ಕಾನೂನಿನ ಮಾತಿನಲ್ಲಿ ಹುಡುಗನ ಅಂಜಿಕೆ ನ್ಯಾಯವಾದದ್ದು, ತಾಯಿಯ ಮಾತಿನಲ್ಲಿ ಸಿಸ್ಟರ್ ಹಟವೂ ನ್ಯಾಯವಾದದ್ದು. ಆದರೆ ಅವರ ತೀರ್ಮಾನಕ್ಕೆ ಕಾಯದೆ ಮನೆಯವರು ಮಾಡಬಹುದಾದ ಕೆಲಸಗಳಿವೆ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ ಅವತ್ತೇ ತೂಕ ಹಾಕಿಸಿ, ಔಷಧ ಕೊಡುವ ಮುಂಚೆ ಆ ಅಂಕಿಯನ್ನು ಹೇಳಿ. ಯಾವ ಔಷಧ, ಎಷ್ಟು ಎಂಎಲ್, ಯಾವುದರಲ್ಲಿ ಅಳೆಯಬೇಕು ಎಂದು ಕೇಳಿ. ಕೇಳಿದ್ದಕ್ಕೆ ಒಳ್ಳೆಯ ನರ್ಸ್ ಸಿಟ್ಟಾಗುವುದಿಲ್ಲ. ಒಂದು ಬಾಟಲಿಯ ಮುಚ್ಚಳವನ್ನಾಗಲಿ ಡ್ರಾಪರನ್ನಾಗಲಿ ಇನ್ನೊಂದಕ್ಕೆ ಬಳಸಬೇಡಿ. ಔಷಧದಿಂದಲೇ ಮಗುವಿಗೆ ತೊಂದರೆಯಾಯಿತೆಂದು ಅನುಮಾನ ಬಂದರೆ ಅದನ್ನು ನಿಲ್ಲಿಸಿ ಕೂಡಲೇ ಡಾಕ್ಟರಿಗೆ ತೋರಿಸಿ. ಬಾಟಲಿ ಎಸೆಯದೆ ಇಟ್ಟುಕೊಳ್ಳಿ, ಬ್ಯಾಚ್ ನಂಬರ್ ಅದರ ಮೇಲೇ ಇರುತ್ತದೆ. ಭಾರತ ಸರ್ಕಾರದ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಅಲ್ಲಿಗೆ ಡಾಕ್ಟರು, ನರ್ಸ್ ಮಾತ್ರವಲ್ಲ, ತಾಯಿ ತಂದೆಯೂ ದೂರು ಕೊಡಬಹುದು.